ಕೊಳ್ಳೇಗಾಲದ ಒಲೆಗೂ ಒಂದು ಪಾಲು

ಭರಚುಕ್ಕಿ ಜಲಪಾತ ನಮ್ಮ ಕೊಳ್ಳೇಗಾಲ ತಾಲ್ಲೂಕಿನದು, ಗಗನಚುಕ್ಕಿ ಮಳವಳ್ಳಿಯದು. ಶಿವನಸಮುದ್ರದಲ್ಲಿ ಕಾವೇರಿ ಸೀಳಿ ಧುಮುಕುವ ಜಾಗದಲ್ಲಿ, ಗಗನಚುಕ್ಕಿಯ ಕಡೆ, 1902ರ ಜೂನ್ 30ರಂದು ಮೈಸೂರು ಸಂಸ್ಥಾನದ ವಿದ್ಯುದಾಗಾರ ಕೆಲಸ ಶುರು ಮಾಡಿತು. ದಿವಾನ್ ಶೇಷಾದ್ರಿ ಅಯ್ಯರ್ ಸರ್ಕಾರದ ಹಣ ತೊಡಗಿಸಿ ಕೈಗೆತ್ತಿಕೊಂಡ ಯೋಜನೆ ಅದು. ಆ ವಿದ್ಯುತ್ತು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಅಷ್ಟು ದೂರ ತಂತಿ ಎಳೆಯುವುದೇ ಒಂದು ಸಾಹಸ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳೂ ಹತ್ತಿಕೊಂಡವು. ನಮ್ಮ ಪಕ್ಕದ ಯಳಂದೂರು ಮೈಸೂರಿಗೆ ಸೇರಿದ್ದ, ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರು. ಕೊಳ್ಳೇಗಾಲವೋ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರವರೆಗೂ ಹಾಗೆಯೇ ಇತ್ತು. ಜಲಪಾತದ ಸದ್ದು ನಮಗೆ, ಕರೆಂಟು ಚಿನ್ನದ ಗಣಿಗೆ.

ಹೊಸ ಇಂಧನ ತಂತ್ರಜ್ಞಾನಕ್ಕೆ ಸರ್ಕಾರ ದುಡ್ಡು ಹಾಕಿದಾಗ ಅದು ಮೊದಲು ಯಾರ ಬಾಗಿಲಿಗೆ ಹೋಗುತ್ತದೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಾನು ರೇಷ್ಮೆ ರೀಲರ್ ಮನೆಯ ಮಗಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಮ್ಮ ಕಡೆ ಇಂಧನ ಎಂದರೆ ಮೊದಲು ನೆನಪಾಗುವುದು ಸೌದೆ. ರೇಷ್ಮೆ ಗೂಡಿನ ಎಳೆಗಳನ್ನು ಸೆರಿಸಿನ್ ಎಂಬ ಅಂಟು ಹಿಡಿದಿರುತ್ತದೆ. ಅದು ಸಡಿಲವಾಗದೆ ನೂಲು ಬಿಚ್ಚಲು ಬರುವುದಿಲ್ಲ, ಸಡಿಲವಾಗಬೇಕಾದರೆ ನೀರು ಸದಾ ಬಿಸಿಯಾಗಿಯೇ ಇರಬೇಕು. ಅವ್ವ ಬೆಳಗಿನಿಂದ ಸಂಜೆಯವರೆಗೆ ಆ ನೀರಿಗೆ ಬೆರಳಿಟ್ಟು ಎಳೆಯ ತುದಿ ಹುಡುಕುತ್ತಿದ್ದಳು. ಬೆರಳ ತುದಿಯ ಚರ್ಮ ಬೆಳ್ಳಗೆ ಸುಕ್ಕುಗಟ್ಟಿರುತ್ತಿತ್ತು. ಕಣ್ಣಿಗೆ ಹೊಗೆ. ಶಾಖದ ಬಹುಪಾಲು ಒಲೆಯ ಬಾಯಿಂದ ಹೊರಗೆ ಹೋಗುತ್ತಿತ್ತು. ನೀರಿಗೆ ತಲುಪುತ್ತಿದ್ದದ್ದು ಚೂರು.

ಇದೇ ಪೋಲನ್ನು ಒಂದು ಸಂಶೋಧನೆಯ ವಿಷಯವೆಂದು ಗುರುತಿಸಿದವರು ಅಮೂಲ್ಯ ರೆಡ್ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 1974ರಲ್ಲಿ ‘ಅಸ್ತ್ರ’ ಎಂಬ ಗುಂಪು ಕಟ್ಟಿದರು. ವಿಜ್ಞಾನ ಹಳ್ಳಿಗೆ ಉಪಯೋಗವಾಗಬೇಕು ಎಂಬುದೇ ಆ ಗುಂಪಿನ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಮುತ್ತಲ ಊರುಗಳಲ್ಲಿ ಅವರು ಮನೆಮನೆ ಲೆಕ್ಕ ಮಾಡಿದರು: ಸೌದೆ ಎಷ್ಟು, ಸೀಮೆಎಣ್ಣೆ ಎಷ್ಟು, ಎತ್ತಿನ ದುಡಿಮೆ ಎಷ್ಟು, ಹೆಂಗಸರ ದುಡಿಮೆ ಎಷ್ಟು. ಹಳ್ಳಿಯ ಶಕ್ತಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಸೌದೆಯದೇ, ಅದರ ಬಹುಭಾಗ ಅಡುಗೆಗೆ ಹೋಗುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. ಹಳ್ಳಿಗೆ ಶಕ್ತಿ ಎಂದರೆ ಪಂಪ್‌ಸೆಟ್ಟು, ಬಲ್ಬು ಎಂದಷ್ಟೇ ಲೆಕ್ಕ ಹಾಕುತ್ತಿದ್ದ ಕಾಲ ಅದು. ಹೆಂಗಸು ಹೊತ್ತು ತರುವ ಹೊರೆಯನ್ನೂ ದೇಶದ ಇಂಧನದ ಲೆಕ್ಕಕ್ಕೆ ತಂದ ಆ ಕೆಲಸ ನನ್ನ ಮಟ್ಟಿಗೆ ಯಾವ ದೊಡ್ಡ ಅಣೆಕಟ್ಟೆಗೂ ಕಡಿಮೆಯಲ್ಲ.

ಅಲ್ಲಿಂದ ಹುಟ್ಟಿದ್ದು ಅಸ್ತ್ರ ಒಲೆ. ಒಂದರ ಹಿಂದೆ ಒಂದು ಮೂರು ಪಾತ್ರೆ ಕೂರುವ ಮಣ್ಣಿನ ಒಲೆ. ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಗಾಳಿ ಅದರಡಿಯಿಂದ ಬೇಕಾದಷ್ಟೇ ಬರುತ್ತದೆ. ಬಾಯಿ ಮುಚ್ಚಿರುವುದರಿಂದ ತಣ್ಣನೆ ಗಾಳಿ ನುಗ್ಗಿ ಉರಿಯನ್ನು ತಣಿಸುವುದಿಲ್ಲ. ಪಾತ್ರೆಯ ತಳ ಒಲೆಯೊಳಗೆ ಇಳಿದು ಕೂರುತ್ತದೆ. ಮೊದಲ ಪಾತ್ರೆಗೆ ತಾಗಿದ ಬಿಸಿ ಎರಡನೆಯದನ್ನೂ ಮೂರನೆಯದನ್ನೂ ಕಾಯಿಸಿ, ಕೊನೆಗೆ ಹೊಗೆ ಕೊಳವೆ ಹತ್ತಿ ಮನೆಯಾಚೆ ಹೋಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಶೇ 10ರ ಆಸುಪಾಸು ಪಾತ್ರೆಗೆ ಸಿಕ್ಕರೆ, ಪ್ರಯೋಗಾಲಯದಲ್ಲಿ ಈ ಒಲೆ ಶೇ 40ರ ಹತ್ತಿರ ಮುಟ್ಟಿತು. ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಊರೂರಿಗೆ ಒಲೆ ಕಟ್ಟುವವರನ್ನು ತರಬೇತು ಮಾಡಿತು. ದೇಶದ ಮಟ್ಟದಲ್ಲೂ 1983ರ ಹೊತ್ತಿಗೆ ಸುಧಾರಿತ ಒಲೆಗಳ ಕಾರ್ಯಕ್ರಮ ಶುರುವಾಗಿ 2002ರವರೆಗೆ ನಡೆಯಿತು. ಕಾಗದದ ಮೇಲೆ ಮೂರು ಕೋಟಿಗೂ ಹೆಚ್ಚು ಒಲೆಗಳಾದವು.

ನಮ್ಮ ಮನೆಗೂ ಒಂದು ಬಂತು. ಕಟ್ಟಲು ಬಂದ ಹುಡುಗನಿಗೆ ಅವ್ವ ಹೇಳಿದ ಮಾತು: “ನಮ್ಮ ಹಿಟ್ಟಿನ ಮಡ್ಕ ಇದ್ರೊಳಗ ಕೂರಲ್ಲ ಕನಪ್ಪ.” ಹಿಟ್ಟು ತಿರುವುವುದು ಮೈಬಲದ ಕೆಲಸ. ಎಸರು ಕುದಿದು ರಾಗಿಹಿಟ್ಟು ಬಿದ್ದ ಮೇಲೆ ಕೋಲು ಹಾಕಿ ತಿರುವುವಾಗ ಮಡಕೆ ಒಂದಿಷ್ಟೂ ಅಲುಗಬಾರದು. ಆ ಹುಡುಗ ಜಾಣ. ಅವ್ವನ ಮಡಕೆಯನ್ನೇ ಹಸಿ ಮಣ್ಣಿಗೆ ಒತ್ತಿ ಬಾಯಿ ಅಳತೆ ಮಾಡಿಕೊಂಡ. ಹೊಗೆ ಮನೆಯಿಂದ ಹೊರಟಿತು, ಸೌದೆ ಉಳಿಯಿತು. ಒಂದೆರಡು ವರ್ಷದಲ್ಲಿ ಕೊಳವೆಗೆ ಮಸಿ ಕಟ್ಟಿತು, ಜಾಲರಿ ಸುಟ್ಟು ಬಾಗಿತು. ಆ ಹೊತ್ತಿಗೆ ಹುಡುಗ ಬೇರೆ ಕಡೆ ಕೂಲಿಗೆ ಹೋಗಿದ್ದ. ಸರ್ಕಾರ ದುಡ್ಡು ಕೊಡುತ್ತಿದ್ದದ್ದು ಹೊಸ ಒಲೆ ಕಟ್ಟಲು, ಹಳೆಯದನ್ನು ರಿಪೇರಿ ಮಾಡಲಲ್ಲ. ಅವ್ವ ಅದನ್ನು ಒಡೆಸಿ ಮತ್ತೆ ಮೂರು ಕಲ್ಲು ಹೂಡಿದಳು. ಅಸ್ತ್ರ ಒಲೆ ಸೋತಿತು ಎಂದು ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಒಲೆ ಚೆನ್ನಾಗಿಯೇ ಇತ್ತು. ಅದರ ಜೊತೆಗೆ ಊರಲ್ಲಿ ಉಳಿಯಬೇಕಾದ ಮನುಷ್ಯನಿಗೆ ಸಂಬಳ ಇರಲಿಲ್ಲ.

ಅದೇ ವಿಜ್ಞಾನ ಸಂಸ್ಥೆಯಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು, ಗ್ಯಾಸಿಫೈಯರ್. ಕಟ್ಟಿಗೆಯನ್ನು ಪೂರ್ತಿ ಉರಿಯಲು ಬಿಡದೆ, ಕಡಿಮೆ ಗಾಳಿಯಲ್ಲಿ ಕಾಯಿಸಿದರೆ ಅದು ಇಂಗಾಲದ ಮಾನಾಕ್ಸೈಡು, ಹೈಡ್ರೋಜನ್ ಇರುವ ಅನಿಲವಾಗುತ್ತದೆ. ಆ ಅನಿಲವನ್ನು ಬೇಕಾದ ಕಡೆ ಉರಿಸಬಹುದು, ಎಂಜಿನ್ ಕೂಡ ಓಡಿಸಬಹುದು. ಎಚ್.ಎಸ್. ಮುಕುಂದ ಅವರ ತಂಡ ದಶಕಗಳ ಕಾಲ ಇದರ ಹಿಂದೆ ಬಿದ್ದಿತು. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ 1988ರಿಂದ ಕಟ್ಟಿಗೆಯ ಅನಿಲದಿಂದಲೇ ದೀಪ ಉರಿಯಿತು, ನೀರು ಮೇಲೆ ಬಂತು. ರೇಷ್ಮೆಯ ಕಡೆಗೂ ಇದು ತಿರುಗಿತು: ದೆಹಲಿಯ ಟೆರಿ ಸಂಸ್ಥೆ ಸ್ವಿಟ್ಜರ್ಲೆಂಡ್ ಸರ್ಕಾರದ ನೆರವಿನಿಂದ ನೂಲು ಬಿಚ್ಚುವ ಬೇಸಿನ್ನಿಗೆ ಹೊಂದುವ ಗ್ಯಾಸಿಫೈಯರ್ ಒಲೆ ರೂಪಿಸಿತು. ಕೇಂದ್ರ ರೇಷ್ಮೆ ಮಂಡಳಿ 1983ರಲ್ಲಿ ಬೆಂಗಳೂರಿನಲ್ಲಿ ತೆರೆದ ತಾಂತ್ರಿಕ ಸಂಶೋಧನಾ ಸಂಸ್ಥೆಯೂ ಬಿಸಿಲಿನಿಂದ ನೀರು ಕಾಯಿಸುವ, ಪೋಲಾಗುವ ಶಾಖವನ್ನು ಹಿಡಿದಿಡುವ ಉಪಕರಣಗಳನ್ನು ರೀಲರ್‌ಗಳಿಗಾಗಿ ಮಾಡಿತು. ಗ್ಯಾಸಿಫೈಯರ್‌ಗೆ ಸೌದೆ ಸಣ್ಣಗೆ ಸೀಳಿರಬೇಕು, ಚೆನ್ನಾಗಿ ಒಣಗಿರಬೇಕು, ಡಾಂಬರಿನಂಥ ಅಂಟನ್ನು ಆಗಾಗ ತೊಳೆಯಬೇಕು. ನಾಲ್ಕು ಚರಕ ಇಟ್ಟುಕೊಂಡ ಮನೆಗೆ ಈ ಕೆಲಸ ಕಲಿಸಿ, ಪಕ್ಕದಲ್ಲಿ ನಿಂತು ಮಾಡಿಸುವವರು ಬೇಕು.

ಈಗ ದೇಶದ ಕಣ್ಣು ಹೈಡ್ರೋಜನ್ ಮೇಲಿದೆ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಇಟ್ಟ ಹಣ 19,744 ಕೋಟಿ ರೂಪಾಯಿ. ಅದರಲ್ಲಿ ಸಂಶೋಧನೆಗೆ ಎಂದು ಇಟ್ಟದ್ದು 400 ಕೋಟಿ, ಅಂದರೆ ನೂರಕ್ಕೆ ಎರಡು ರೂಪಾಯಿ. ಈ ಪಾಲು ತೀರಾ ಸಣ್ಣದು ಎಂದೇ ನನ್ನ ಭಾವನೆ. ಯಾಕೆಂದರೆ ಕೆಲಸ ಮಾಡುವವರು ನಮ್ಮಲ್ಲೇ ಇದ್ದಾರೆ. ವಿಜ್ಞಾನ ಸಂಸ್ಥೆಯ ಎಸ್. ದಾಸಪ್ಪ ಅವರ ತಂಡ, ಗ್ಯಾಸಿಫೈಯರ್ ಪರಂಪರೆಯಲ್ಲೇ ಬೆಳೆದದ್ದು, ಕೇಂದ್ರದ ನೆರವಿನಿಂದ ಒಂದು ಕೆ.ಜಿ. ಕೃಷಿ ತ್ಯಾಜ್ಯ, ಕಟ್ಟಿಗೆಯಂಥ ಜೈವಿಕ ವಸ್ತುವಿನಿಂದ 100 ಗ್ರಾಂ ಹೈಡ್ರೋಜನ್ ತೆಗೆದಿದೆ. ಆ ಒಂದು ಕೆ.ಜಿ.ಯಲ್ಲಿ ಇರುವುದೇ 60 ಗ್ರಾಂ. ಉಳಿದದ್ದು ಆಮ್ಲಜನಕದೊಡನೆ ಒಳಗೆ ಬಿಟ್ಟ ನೀರಿನ ಹಬೆಯಿಂದ ಬರುತ್ತದೆ.

ಇಂಥ ಜೈವಿಕ ವಸ್ತು ನಮ್ಮ ಕಡೆಯೂ ಇದೆ. ಕೊಳ್ಳೇಗಾಲ, ಯಳಂದೂರಿನ ತೋಟಗಳಲ್ಲಿ ಹಿಪ್ಪುನೇರಳೆ ಕಡ್ಡಿ, ತೆಂಗಿನ ಚಿಪ್ಪು ಬಿದ್ದಿರುತ್ತವೆ. ಹನೂರಿನಿಂದ ಮಾದಪ್ಪನ ಬೆಟ್ಟದವರೆಗೆ, ಬಿಳಿಗಿರಿರಂಗನ ಬೆಟ್ಟದ ಉದ್ದಗಲಕ್ಕೂ ಕಾಡು ನುಂಗಿರುವ ಲಂಟಾನ ಎಂಬ ಕಳೆ ಇದೆ. ಮಾದಪ್ಪನ ಬೆಟ್ಟದ ಸೋಲಿಗರು ಏಟ್ರೀ ಎಂಬ ಸಂಶೋಧನಾ ಸಂಸ್ಥೆಯವರಿಂದ ಕಲಿತು ಅದೇ ಲಂಟಾನದಲ್ಲಿ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಅದರ ಕಡ್ಡಿಯ ಗುಣ, ಯಾವ ಕಾಲದಲ್ಲಿ ಎಷ್ಟು ಒಣಗುತ್ತದೆ ಎಂಬುದು ಅವರ ಕೈಗೆ ಗೊತ್ತು. ಇಂಥ ಅರಿವಿಗೂ ಸಂಶೋಧನೆಯ ಹಣದಲ್ಲಿ ಒಂದು ಕೂಲಿ ಇರಬೇಕು.

2016ರಲ್ಲಿ ಬಂದ ಉಜ್ವಲ ಯೋಜನೆಯ ಸಿಲಿಂಡರ್ ನಮ್ಮ ಹಳ್ಳಿಗಳ ಅಡುಗೆಮನೆಗೆ ಬಂದಿದೆ, ಅದು ಒಳ್ಳೆಯದಾಯಿತು. ಆದರೆ ಸ್ನಾನದ ಹಂಡೆಗೂ ಗೂಡು ಬೇಯಿಸುವ ಬೇಸಿನ್ನಿಗೂ ಇವತ್ತೂ ಸೌದೆಯೇ. ನಾನು ಕೇಳುವುದು ಇಷ್ಟು: ಆ 400 ಕೋಟಿಯಂಥ ಮೊತ್ತಗಳಲ್ಲಿ ಒಂದು ಪಾಲು ಕೊಳ್ಳೇಗಾಲದ ಯಾವುದಾದರೂ ಶೆಡ್ಡಿನಲ್ಲಿ ಖರ್ಚಾಗಲಿ. ಬೆಂಗಳೂರಿನಲ್ಲಿ ತಯಾರಾದ ಒಲೆ, ಬಾಯ್ಲರು, ಅನಿಲ ಯಂತ್ರ ಇಲ್ಲಿಗೆ ಬಂದು ನಮ್ಮ ನೀರು, ನಮ್ಮ ಕಡ್ಡಿ, ನಮ್ಮ ಗೂಡಿನ ಮೇಲೆ ವರ್ಷವಿಡೀ ಓಡಲಿ. ನಮ್ಮ ಕಡೆಯ ಐಟಿಐ ಓದಿದ ಹುಡುಗ ಹುಡುಗಿಯರು ಸಂಬಳ ತೆಗೆದುಕೊಂಡು ಅದನ್ನು ಬಿಚ್ಚಿ ಜೋಡಿಸುವುದನ್ನು ಕಲಿಯಲಿ. ನೂಲು ಬಿಚ್ಚುವ ಹೆಂಗಸರು ಇದು ಸರಿ, ಇದು ಬೇಡ ಎಂದದ್ದು ವಿಜ್ಞಾನಿಗಳ ವರದಿಯಲ್ಲಿ ಅವರ ಹೆಸರಿನ ಜೊತೆಗೇ ದಾಖಲಾಗಲಿ.