ಎಡಗಾಲಿಗೆ ಜಾಗ ಏಕಿಲ್ಲ?

ಪ್ರಶ್ನೆ: ಬಲಗಡೆ ಸ್ಟಿಯರಿಂಗ್ ಇರುವ ಜೀಪ್ ರ‍್ಯಾಂಗ್ಲರ್‌ನಲ್ಲಿ ಚಾಲಕನ ಎಡಗಾಲಿಗೆ ಇಕ್ಕಟ್ಟಾಗುವುದೇಕೆ?

ಉತ್ತರ: ಸೀಟನ್ನು ದೂರುವ ಮೊದಲು ನೆಲದಡಿ ನೋಡಬೇಕು. ಉದ್ದಕ್ಕೆ ಕೂತ ಎಂಜಿನ್ನಿನ ಹಿಂದೆ ಗೇರ್‌ಬಾಕ್ಸ್, ಅದಕ್ಕಂಟಿಕೊಂಡು ಮುಂದಿನ ಚಕ್ರಗಳಿಗೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್. ಇವನ್ನು ಮುಚ್ಚುವ ಉಬ್ಬು ನಟ್ಟನಡುವೆ ಏಳುತ್ತದೆ. ಬಲಬದಿಯಲ್ಲಿ ಕೂತವರಿಗೆ ಅದು ಎಡಗಾಲಿನ ಮಗ್ಗುಲಿಗೇ ಬರುತ್ತದೆ. ಸುಮ್ಮನಿರುವ ಪಾದ ಚಾಚಬೇಕಾದ ಜಾಗವೂ ಅದೇ. ಎಡಬದಿಯಲ್ಲಿ ಕೂರುವ ಅಮೆರಿಕದ ಚಾಲಕರಿಗೆ ಎಡಗಾಲಿನಾಚೆ ಬಾಗಿಲಿರುತ್ತದೆ. ಅವರ ಬಲಗಾಲು ಉಬ್ಬಿಗೆ ತಾಗದೇ ಎಂದರೆ, ತಾಗೀತು. ಆದರೆ ಆ ಪಾದಕ್ಕೆ ಆಕ್ಸಿಲರೇಟರ್ ಮೇಲೆ ನೆಲೆಯಿದೆ. 2021ರಿಂದ ಪುಣೆ ಬಳಿಯ ರಂಜನ್‌ಗಾಂವ್‌ನಲ್ಲಿ ಜೋಡಣೆಯಾಗುವ ರ‍್ಯಾಂಗ್ಲರ್ ಆಟೊಮ್ಯಾಟಿಕ್, ಅದರಲ್ಲಿ ಕ್ಲಚ್ಚೇ ಇಲ್ಲವಲ್ಲ ಎನ್ನಬಹುದು. ಪೆಡಲ್ ಒಂದು ಕಡಿಮೆಯಾಯಿತು, ಉಬ್ಬು ಕರಗಲಿಲ್ಲ. ಗೇರ್‌ಬಾಕ್ಸನ್ನೇ ತಗ್ಗಿಸಿದರೆ ಕಾಲಿಗೆ ಸುಖ, ಆದರೆ ಗಾಡಿಯ ಹೊಟ್ಟೆ ಬಂಡೆಗೆ ತಾಗುತ್ತದೆ. ಇಂಥ ಗಾಡಿ ಕೊಳ್ಳುವವರು ಅದನ್ನಂತೂ ಒಪ್ಪಲಾರರು.