ಮನೆ ಪಿಂಪಳಗಾಂವ್‌ನಲ್ಲಿ, ಮತ ಬೆಂಗಳೂರಿನಲ್ಲಿ

"ಘರಾತ್ ಕಿತೀ ಮತಂ?"

ಮನೆಯಲ್ಲಿ ಎಷ್ಟು ಮತ ಇವೆ? 2025ರ ನವೆಂಬರ್‌ನ ಒಂದು ಸಂಜೆ ನಮ್ಮ ಬಾಗಿಲಿಗೆ ಬಂದ ಅಭ್ಯರ್ಥಿ ಕೈ ಮುಗಿದು ಕೇಳಿದ ಮೊದಲ ಪ್ರಶ್ನೆ ಇದು. ಹೆಂಡತಿಯದು ಒಂದು ಎಂದೆ. ಬ್ಯಾಂಕಿನಿಂದ ವರ್ಗವಾಗಿ ಇಲ್ಲಿಗೆ ಬಂದ ವರ್ಷವೇ ಅವಳು ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಿಕೊಂಡಿದ್ದಳು. "ಆಣಿ ತುಮಚಂ, ದಾದಾ?" ನನ್ನದು ಬೆಂಗಳೂರಿನಲ್ಲಿದೆ ಅಂದಾಗ ಆತ ನಕ್ಕು, ಕರಪತ್ರವನ್ನು ಅವಳ ಕೈಗೇ ಕೊಟ್ಟು ಮುಂದಿನ ಮನೆಗೆ ಹೋದ. ನನಗೆ ಬೇಸರವೇನೂ ಆಗಲಿಲ್ಲ, ಲೆಕ್ಕ ಸರಿಯಾಗಿಯೇ ಇತ್ತು.

ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಈ ಪಿಂಪಳಗಾಂವ್ ಬಸವಂತ್ ಮುಂಬೈ-ಆಗ್ರಾ ಹೆದ್ದಾರಿಯ ಮೇಲಿದೆ. ದ್ರಾಕ್ಷಿ, ಈರುಳ್ಳಿ, ಟೊಮೆಟೊ ವ್ಯಾಪಾರಕ್ಕೆ ಹೆಸರಾದ ಊರು. (ಹೆಸರಿನ ಬಾಲ ಕಂಡು 'ನಮ್ಮ ಬಸವಣ್ಣನಿಗೂ ಇದಕ್ಕೂ ಏನಾದರೂ ಸಂಬಂಧವಾ' ಎಂದು ಅಪ್ಪ ಫೋನಿನಲ್ಲಿ ಕೇಳುತ್ತಲೇ ಇರುತ್ತಾರೆ.) ಇತ್ತೀಚಿನವರೆಗೆ ಗ್ರಾಮ ಪಂಚಾಯತಿಯಾಗಿದ್ದ ಇದು ಈಗ ನಗರ ಪರಿಷತ್ತು. ಡಿಸೆಂಬರ್‌ನಲ್ಲಿ ಅದರ ಮೊದಲ ಚುನಾವಣೆ ನಡೆಯಿತು. ಇಲ್ಲಿ ವಾರ್ಡಿಗೆ ಪ್ರಭಾಗ ಎನ್ನುತ್ತಾರೆ, ಸದಸ್ಯರಿಗೆ ನಗರಸೇವಕ. ಪ್ರಭಾಗಕ್ಕೆ ಒಬ್ಬರಲ್ಲ, ಇಬ್ಬರು. ಅಧ್ಯಕ್ಷರ ಆಯ್ಕೆಯೂ ನೇರ. ಹಾಗಾಗಿ ಒಬ್ಬ ಮತದಾರಳಿಗೆ ಮೂರು ಮತ. "ಮೂರು ಸಲ ಬಟನ್ ಒತ್ತಿ ಬಂದೆ, ನಿಮಗೆ ಒಂದೂ ಇಲ್ಲ" ಎಂದು ಹೆಂಡತಿ ಎರಡು ದಿನ ರೇಗಿಸಿದಳು.

ಅವಳು ರೇಗಿಸಿದ್ದಕ್ಕೆ ಕಾರಣವೂ ಇತ್ತು. ನಾನು ಜೋಪಾನವಾಗಿ ಉಳಿಸಿಕೊಂಡ ಮತದಿಂದ ಬೆಂಗಳೂರಿನಲ್ಲಿ ಕಾರ್ಪೊರೇಟರ್ ಒಬ್ಬರನ್ನು ಆರಿಸಿ ಹತ್ತು ವರ್ಷ ದಾಟಿದೆ. ಬಿಬಿಎಂಪಿಯ 198 ವಾರ್ಡುಗಳಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು, ಆಮೇಲೆ ಬಂದದ್ದು ಆಡಳಿತಾಧಿಕಾರಿಗಳು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ನಗರ ಪಾಲಿಕೆಗಳು ಬಂದವು, 369 ವಾರ್ಡುಗಳ ಗಡಿ ಎಳೆದಾಯಿತು. ಆ ಹತ್ತು ವರ್ಷದಲ್ಲಿ ನಾನು ಮೂರು ಮನೆ ಬದಲಿಸಿದ್ದೆ. ಮತದಾರರ ಪಟ್ಟಿಯಲ್ಲಿ ಇನ್ನೂ ಮೊದಲ ಮನೆಯಲ್ಲೇ ಇದ್ದೇನೆ.

ಪ್ರಭಾಗ ಎಂದರೇನು ಎಂದು ನಾನು ಮೊದಲ ಸಲ ಓದಿಕೊಂಡದ್ದು ಆ ರೇಗಿಸಾಟದ ನಂತರ. ಈ ಚುನಾವಣೆಗೂ ಪ್ರಭಾಗಗಳನ್ನು ಕಟ್ಟಿದ್ದು 2011ರ ಜನಗಣತಿಯ ತಲೆಗಳ ಮೇಲೆ. ಗಣತಿಯವರು ಎಣಿಕೆಗೆಂದು ಮಾಡಿಕೊಂಡ ಸಣ್ಣ ಸಣ್ಣ ಗುಂಪುಗಳನ್ನು ಜೋಡಿಸಿದರೆ ಒಂದು ಪ್ರಭಾಗ. ದಲಿತರ, ಆದಿವಾಸಿಗಳ ಕೇರಿಗಳನ್ನು ಆದಷ್ಟೂ ಒಡೆಯಬಾರದು. ಪರಿಶಿಷ್ಟ ಜಾತಿಯ ಪ್ರಮಾಣ ಎಲ್ಲಿ ಹೆಚ್ಚೋ ಅಲ್ಲಿಂದ ಇಳಿಕೆಯ ಕ್ರಮದಲ್ಲಿ ಮೀಸಲು ಸ್ಥಾನ ಬೀಳುತ್ತದೆ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ, ಅವು ಯಾವುವೆಂದು ಚೀಟಿ ಎತ್ತುತ್ತಾರೆ. ಅಂದರೆ ಗಡಿಯ ಲೆಕ್ಕಕ್ಕೆ ಬೇಕಾದದ್ದು ಜನಸಂಖ್ಯೆ, ಗೆಲುವಿನ ಲೆಕ್ಕಕ್ಕೆ ಮತದಾರರ ಪಟ್ಟಿ. ಮಹಾರಾಷ್ಟ್ರದ ಈ ಸ್ಥಳೀಯ ಚುನಾವಣೆಗಳಿಗೆ 2025ರ ಜುಲೈ 1ರ ವಿಧಾನಸಭಾ ಪಟ್ಟಿಯನ್ನು ತೆಗೆದುಕೊಂಡಿದ್ದರು. ಆ ಎರಡು ಲೆಕ್ಕಗಳ ನಡುವಿನ ಬಿರುಕಿನಲ್ಲಿ ಯಾರಿದ್ದಾರೆ ಎಂದು ಯೋಚಿಸಿದರೆ ಮೊದಲು ನೆನಪಾಗುವುದು ನಾನಲ್ಲ, ನಮ್ಮ ಓಣಿಯ ಕೊನೆಯ ಸಾಲುಕೋಣೆಗಳು.

ಅಲ್ಲಿ ಇರುವವರು ಸುರಗಾಣಾ, ಪೇಠ್ ಕಡೆಯ ಗುಡ್ಡದ ಆದಿವಾಸಿ ಕುಟುಂಬಗಳು. ಮಳೆ ನಿಂತ ಮೇಲೆ ದ್ರಾಕ್ಷಿತೋಟದ ಕೆಲಸಕ್ಕೆ ಇಳಿದು ಬರುತ್ತಾರೆ. ಚಾಟನಿ, ಗೊನೆ ತೆಳು ಮಾಡುವುದು, ಆಮೇಲೆ ಕೊಯ್ಲು. ಕೊಯ್ಲು ಜೋರಾಗಿ ನಡೆಯುವ ತಿಂಗಳು ಫೆಬ್ರುವರಿ. ಜನಗಣತಿಯ ಎಣಿಕೆಯೂ ಫೆಬ್ರುವರಿಯಲ್ಲೇ, 2011ರಲ್ಲೂ ಹಾಗೇ, ಬರುವ 2027ರಲ್ಲೂ ಹಾಗೇ. ಎಣಿಕೆಯ ದಿನಗಳಷ್ಟೂ ಊರಿನಿಂದ ಹೊರಗಿರುವವರನ್ನು ಅವರು ಸಿಕ್ಕ ಜಾಗದಲ್ಲೇ ಎಣಿಸಬೇಕು ಎಂಬುದು ನಿಯಮ. ಹಾಗೆ ಎಣಿಸಿದರೆ ಅವರು ಇಲ್ಲಿನ ಪ್ರಭಾಗದ ಗಾತ್ರಕ್ಕೆ, ಮೀಸಲು ಸ್ಥಾನದ ಲೆಕ್ಕಕ್ಕೆ ಕೂಡುತ್ತಾರೆ. ಮತ ಮಾತ್ರ ಗುಡ್ಡದ ಮೇಲಿರುತ್ತದೆ.

ನಮ್ಮ ಜನ ಇದನ್ನು ಓದಿ 'ಅದು ಅವರ ಕಷ್ಟ' ಎನ್ನಬಹುದು. ಬೆಳಗಾವಿಯನ್ನು ನೆನಪಿಸಿಕೊಳ್ಳಿ. ಅಲ್ಲಿನ ಪಾಲಿಕೆಯಲ್ಲಿ ಮರಾಠಿಗರ ದನಿ ದಶಕಗಳ ಕಾಲ ಗಟ್ಟಿಯಾಗಿದ್ದದ್ದು ಅವರು ಗಲ್ಲಿ ಗಲ್ಲಿಯಾಗಿ ಒಟ್ಟಿಗೆ ನೆಲೆಸಿದ್ದರಿಂದ, ಪಟ್ಟಿಯಲ್ಲೂ ಇದ್ದದ್ದರಿಂದ. 2021ರಲ್ಲಿ ಮೊದಲ ಸಲ ಪಕ್ಷದ ಚಿಹ್ನೆಗಳ ಮೇಲೆ ಅಲ್ಲಿ ಚುನಾವಣೆಯಾಗಿ, 58 ವಾರ್ಡುಗಳಲ್ಲಿ ಬಿಜೆಪಿ 35 ಗೆದ್ದ ಮೇಲೆ ಭಾಷೆಯ ಲೆಕ್ಕ ಹಿಂದೆ ಸರಿಯಿತು, ಅದು ಬೇರೆ ಕತೆ. ಮುಂಬೈ, ಪುಣೆಯ ನಾವು ಅಪಾರ್ಟ್‌ಮೆಂಟಿಗೆ ಒಂದು ಮನೆಯಂತೆ ಚದುರಿದ್ದೇವೆ. ಯಾವ ಪ್ರಭಾಗದಲ್ಲೂ ಕನ್ನಡಿಗರು ಒಂದು ಗುಂಪಾಗಿ ಕಾಣುವುದಿಲ್ಲ. ಸಂಘ ಕಟ್ಟಿ ರಾಜ್ಯೋತ್ಸವಕ್ಕೆ ನಗರಸೇವಕರನ್ನು ಕರೆದು ಶಾಲು ಹೊದಿಸುತ್ತೇವೆ. ಆ ವೇದಿಕೆಯಲ್ಲಿ ಕೂತ ಎಷ್ಟು ಜನರ ಹೆಸರು ಆ ಪ್ರಭಾಗದ ಪಟ್ಟಿಯಲ್ಲಿದೆ ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಕೇಳಿದ್ದರೆ ಮೊದಲು ನಾನೇ ತಲೆ ತಗ್ಗಿಸಬೇಕಿತ್ತು.

ಕಳೆದ ವಾರ ಫಾರ್ಮ್ 8 ತುಂಬಿದೆ. ಹಳೇ ಊರಿನ ಹೆಸರು ಹೋಗುತ್ತದಲ್ಲ ಎಂದು ಸಬ್‌ಮಿಟ್ ಒತ್ತುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ, ಸುಳ್ಳು ಹೇಳುವುದಿಲ್ಲ.

ಆ ಸಾಲುಕೋಣೆಯ ಹೆಂಗಸೊಬ್ಬರು ಸಂಜೆ ನಮ್ಮ ನಲ್ಲಿಯಲ್ಲಿ ನೀರು ಹಿಡಿಯುತ್ತಾರೆ. ನೀವೂ ಇಲ್ಲಿಗೇ ಹೆಸರು ಬದಲಿಸಿಕೊಳ್ಳಬಹುದಲ್ಲ ತಾಈ, ವರ್ಷದಲ್ಲಿ ಐದಾರು ತಿಂಗಳು ಇಲ್ಲೇ ಇರ್ತೀರಲ್ಲ ಎಂದೆ. ಅವರು ಕೊಡ ಇಳಿಸಿ ನನ್ನನ್ನು ನೋಡಿದರು. ಅವರ ತಾಲ್ಲೂಕು ಪರಿಶಿಷ್ಟ ಪ್ರದೇಶ. 1996ರ ಪೆಸಾ ಕಾಯ್ದೆಯಂತೆ ಅಲ್ಲಿನ ಸರಪಂಚ ಆದಿವಾಸಿಯೇ ಆಗಿರಬೇಕು.

"ಭಾವೂ, ನಮ್ಮ ಸರಪಂಚ ನನ್ನ ನಾದಿನಿ" ಎಂದರು. "ಮತ ಹಾಕೋಕೆ ಹೋಗಿ ಬಂದರೆ ಮೂರು ದಿನದ ಕೂಲಿ ಹೋಗುತ್ತೆ. ಆದರೂ ಹೋಗ್ತೀನಿ. ಅಲ್ಲಿ ಹೆಸರು ತೆಗೆಸಿದರೆ ಅವಳಿಗೆ ಒಂದು ಮತ ಕಡಿಮೆ ಆಗಲ್ವಾ?"

ಆಮೇಲೆ ಕೊಡ ಎತ್ತಿಕೊಂಡು, ಓಣಿಯ ಕೊನೆಯ ಕಂಬಕ್ಕೆ ದೀಪ ಹಾಕಿಸಲು ಯಾರಿಗೆ ಹೇಳಬೇಕು, ಬೆಳಗಿನ ಜಾವ ತೋಟಕ್ಕೆ ಹೋಗುವಾಗ ಕತ್ತಲು, ನಿಮ್ಮ ಮನೆಯವರಿಗೆ ಮತ ಇದೆಯಲ್ಲ, ಅವರಾದರೂ ಕೇಳಬಹುದಾ ಎಂದರು. ಹೆಂಡತಿ ಇಬ್ಬರು ನಗರಸೇವಕರ ನಂಬರೂ ಬರೆದಿಟ್ಟುಕೊಂಡಿದ್ದಾಳೆ. ನಾಳೆ ಬ್ಯಾಂಕಿಗೆ ಹೋಗುವ ಮೊದಲು ಫೋನ್ ಮಾಡುತ್ತಾಳಂತೆ.