ಗರಿಗರಿ ಬೇರೆ, ತಾಜಾತನ ಬೇರೆ

ಹೋಟೆಲಿನಿಂದ ಕಟ್ಟಿಸಿ ತಂದ ಉದ್ದಿನವಡೆ ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಕೆಟ್ಟುಹೋಯಿತೆಂದು ತಿಳಿಯಬೇಡಿ. ಬಿಸಿ ವಡೆಯಿಂದ ಏಳುವ ಹಬೆ ಮುಚ್ಚಿದ ಡಬ್ಬಿಯಲ್ಲಿ ನೀರಾಗಿ ಮತ್ತೆ ಅದರ ಮೇಲೆಯೇ ಇಳಿದಿರುತ್ತದೆ, ಅಷ್ಟೆ. ಪೊಟ್ಟಣ ಬಂದ ಕೂಡಲೇ ಬಿಚ್ಚಿಡಿ. ಚಟ್ನಿ, ಸಾಂಬಾರುಗಳನ್ನು ಬೇರೆಯಾಗಿ ಕಟ್ಟಿಸಿ. ಕಾದ ಕಾವಲಿಯ ಮೇಲೆ ಮುಚ್ಚಳವಿಲ್ಲದೆ ಎರಡು ಮೂರು ನಿಮಿಷ ಇಟ್ಟರೆ ವಡೆ, ದೋಸೆಗಳು ಮತ್ತೆ ಗರಿಗರಿಯಾಗುತ್ತವೆ. ವೃತ್ತಪತ್ರಿಕೆಯಲ್ಲಿ ಮಾತ್ರ ಸುತ್ತಿಸಬೇಡಿ. ಶಾಯಿ ಎಣ್ಣೆಯೊಂದಿಗೆ ಹೊಟ್ಟೆ ಸೇರುತ್ತದೆ.

ಆದರೆ ಬಿಸಿ ಮಾಡಿದ್ದೆಲ್ಲ ತಾಜಾ ಅಲ್ಲ. ರಾತ್ರಿಯಿಡೀ ಮೇಜಿನ ಮೇಲಿದ್ದ ಫ್ರೈಡ್ ರೈಸ್ ತಿಂದು ವಾಂತಿಯಾಗುತ್ತಿರುವ ಮಗುವನ್ನು ಕರೆತಂದ ತಾಯಂದಿರು, "ಚೆನ್ನಾಗಿ ಬಿಸಿ ಮಾಡಿದ್ದೆನಲ್ಲ ಡಾಕ್ಟರೇ" ಎನ್ನುವುದುಂಟು. ಅಕ್ಕಿಯಲ್ಲಿ 'ಬ್ಯಾಸಿಲಸ್ ಸೀರಿಯಸ್' ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು. ಅನ್ನ ಬೆಂದರೂ ಇವು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಇವು ಮೊಳೆತು ವೃದ್ಧಿಯಾಗಿ ವಿಷವನ್ನು ಉತ್ಪಾದಿಸುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ನಾಶವಾಗದು. ತಿಂದ 1ರಿಂದ 6 ಗಂಟೆಗಳೊಳಗೆ ವಾಂತಿ ಶುರುವಾಗುತ್ತದೆ.

ಆದ್ದರಿಂದ ತಂದ ಆಹಾರವನ್ನು 2 ಗಂಟೆಯೊಳಗೆ ಮುಗಿಸಿ. ಉಳಿಯುವಂತಿದ್ದರೆ ಅಷ್ಟರೊಳಗೇ ಅಗಲವಾದ ಪಾತ್ರೆಯಲ್ಲಿ ಫ್ರಿಜ್ಜಿಗೆ ಸೇರಿಸಿ. ಮರುದಿನ ಹಬೆಯಾಡುವಂತೆ ಒಮ್ಮೆ ಮಾತ್ರ ಬಿಸಿ ಮಾಡಿ. ಕಾಯಿಚಟ್ನಿಯನ್ನು ಉಳಿಸಲೇಬೇಡಿ.

ವಾಂತಿಯಾದರೆ ಓ.ಆರ್.ಎಸ್. ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿ. ಕುಡಿದದ್ದು ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಐವತ್ತು ರೂಪಾಯಿಯ ಅನ್ನ ಎಸೆಯಲು ಮನಸ್ಸು ಬಾರದಿದ್ದಾಗ ಇದನ್ನು ನೆನಪಿಸಿಕೊಳ್ಳಿ.